ರೈಟರ್ ಪಾತ್ರ ಮಾಡಿದವಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದು ನಾನಾಗಿ ಕಂಡುಕೊಂಡ ಸತ್ಯವಲ್ಲ. ಮನೆಯವರು ಹೇಳಿದ್ದಾರೆ, ಜೊತೆಯ ಮೇಷ್ಟ್ರುಗಳು ಹೇಳಿದ್ದಾರೆ, ಆಲೂರಿನಿಂದ ದಿನವೂ ನಾನು ಹತ್ತುವ ಬಸ್ಸಿನ ಕಂಡಕ್ಟರ್ ಕೂಡ ಒಮ್ಮೆ ಹೇಳಿಬಿಟ್ಟಿದ್ದಾನೆ. ಅಂಥವಳನ್ನು ಹುಡುಕಿ, ಮಕ್ಕಳಿಗೆ ಭಾವನೆಗಳ ಬಗ್ಗೆ ಪಾಠ ಮಾಡುವುದು ಹೇಗೆಂಬ ತರಬೇತಿಗೆ ಹಾಸನಕ್ಕೆ ಕಳಿಸಿದರು. ಶಾಲೆಯಲ್ಲಿ ಉಳಿದವರಿಗೆಲ್ಲ ಬೇರೆ ಬೇರೆ ಕೆಲಸ ಇತ್ತು, ನನಗೆ ಇರಲಿಲ್ಲ, ಕಾರಣ ಅಷ್ಟೇ.

ಎರಡು ದಿನದ ತರಬೇತಿ. ಹೇಳಿಕೊಟ್ಟವಳು ನನ್ನ ತಂಗಿಯ ಮಗಳ ವಯಸ್ಸಿನ ಹುಡುಗಿ. ಒಂದು ಸಲವೂ ದನಿ ಏರಿಸಲಿಲ್ಲ, ಅದೇ ನನಗೆ ಮೊದಲು ಕಿರಿಕಿರಿಯಾಯಿತು. ಊಟದ ಹೊತ್ತಿನಲ್ಲಿ ನಾವು ಮೇಷ್ಟ್ರುಗಳೆಲ್ಲ ಅನುಕಂಪ ಎಂದರೇನು, ಸಹಾನುಭೂತಿ ಎಂದರೇನು ಎಂದು ಜೋರು ಜೋರಾಗಿ ವಾದ ಮಾಡಿದೆವು. ಆ ಗಲಾಟೆಯಲ್ಲಿ ಒಬ್ಬರಿಗೆ ಸಾರು ಸಿಗಲಿಲ್ಲ, ಅದನ್ನು ಯಾರೂ ಗಮನಿಸಲಿಲ್ಲ. ಆ ಒಬ್ಬರು ನಾನೇ ಆದ್ದರಿಂದ ನೆನಪಿದೆ. ಆದರೂ ಆ ಹುಡುಗಿ ಹೇಳಿದ ಒಂದು ಮಾತು ತಲೆಯಲ್ಲಿ ಕೂತಿತು. "ಮಕ್ಕಳಿಗೆ ಪಾತ್ರ ಬದಲು ಮಾಡಿಸಿ ಮೇಡಂ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತರೆ ಉಳಿದದ್ದನ್ನು ನಾವು ಹೇಳಿಕೊಡಬೇಕಾಗಿಲ್ಲ."

ನಮ್ಮದು ಕೆ. ಹೊಸಕೋಟೆ ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆ. ಆರನೇ ಮತ್ತು ಏಳನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ, ಎಲ್ಲ ಸೇರಿ ಹತ್ತೊಂಬತ್ತು ಜನ. ಕೆಲವರು ಜಮೀನಿರುವ ಮನೆಯವರು, ಕೆಲವರು ಸುತ್ತಲಿನ ಕಾಫಿ ತೋಟಗಳಲ್ಲಿ ಕೆಲಸ ಮಾಡುವವರ ಮಕ್ಕಳು. ಬೆಳಿಗ್ಗೆ ಮೊಬೈಲಿಗೆ ಅರಣ್ಯ ಇಲಾಖೆಯಿಂದ ಆನೆ ಬಂದಿದೆಯೆಂಬ ಸಂದೇಶ ಬಂದರೆ ಅರ್ಧ ತರಗತಿ ತಡವಾಗಿ ಬರುತ್ತದೆ. ಹಾಗೆ ಬಂದವರನ್ನು ನಾನು ಬೈಯುವುದಿಲ್ಲ. ಬೇರೆಯದಕ್ಕೆ ಬೈಯುತ್ತೇನೆ.

ಆ ತರಗತಿಯಲ್ಲಿ ಇಬ್ಬರು ಹುಡುಗಿಯರಿದ್ದರು. ಒಬ್ಬಳ ಅಪ್ಪ ಪಕ್ಕದ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕರೆಯುವುದು, ಯಾರು ಯಾವ ಪಟ್ಟೆಯಲ್ಲಿ ಹಣ್ಣು ಕೊಯ್ಯಬೇಕೆಂದು ಹೇಳುವುದು, ಇಡೀ ದಿನ ಅವರ ಹಿಂದೆ ಮುಂದೆ ತಿರುಗುವುದು, ಇವೆಲ್ಲ ರೈಟರ್ ಕೆಲಸ. ಇನ್ನೊಬ್ಬಳ ಅಮ್ಮ ಅದೇ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವವಳು, ಅವರು ಇರುವುದು ಆಳುಗಳಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಇಬ್ಬರೂ ಒಂದನೇ ತರಗತಿಯಿಂದ ಒಂದೇ ಬೆಂಚು, ಹೋಗುವುದೂ ಬರುವುದೂ ಜೊತೆಗೇ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ತನಗೂ ಮೈ ಬಿಸಿಯಾಗಿದೆ ಎಂದು ಹಣೆ ಮುಟ್ಟಿಸಲು ಬರುತ್ತಿದ್ದಳು. ಇಬ್ಬರೂ ಇನ್ನೂ ಓದುವ ಮಕ್ಕಳು, ಹೆಸರು ಬರೆಯುವುದಿಲ್ಲ. ರೈಟರ್ ಮಗಳು, ಲೈನಿನ ಹುಡುಗಿ ಎಂದು ಕರೆಯುತ್ತೇನೆ.

ಮೊದಲ ವಾರ ಪಾಠ ಚೆನ್ನಾಗಿಯೇ ಹೋಯಿತು. ನಿಮಗೆ ಯಾವಾಗ ಸಿಟ್ಟು ಬರುತ್ತೆ, ಯಾವಾಗ ನಾಚಿಕೆಯಾಗುತ್ತೆ ಎಂದೆಲ್ಲ ಕೇಳಿದೆ. ಭಯ ಯಾವಾಗ ಎಂದು ಕೇಳಿದಾಗ ಎಲ್ಲರೂ ಆನೆಯ ಹೆಸರು ಹೇಳುತ್ತಾರೆ ಅಂದುಕೊಂಡಿದ್ದೆ. ಹಿಂದಿನ ಬೆಂಚಿನ ಒಬ್ಬ, "ನೀವು ಕನ್ನಡಕ ತೆಗ್ದು ಟೇಬಲ್ ಮೇಲೆ ಇಟ್ಟಾಗ ಮಿಸ್" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಕ್ಕಳು ಇಷ್ಟು ಸಲೀಸಾಗಿ ಮಾತಾಡುತ್ತಿದ್ದಾರಲ್ಲ, ತರಬೇತಿ ಸಾರ್ಥಕವಾಯಿತು ಎಂದು ಹಿಗ್ಗಿದೆ.

ಎರಡನೇ ವಾರದ ಸೋಮವಾರ ಪಾತ್ರ ಬದಲು ಮಾಡಿಸುವ ಪಾಠ. ಕೊಯ್ಲಿನ ಕಾಲ, ಮಕ್ಕಳ ಬಾಯಲ್ಲಿ ತೋಟದ್ದೇ ಮಾತು. ನಾನು ಆರಿಸಿದ್ದು ಬೆಳಗಿನ ಹಾಜರಿ. ರೈಟರ್ ಮಗಳನ್ನು ಕರೆದು ನೀನು ಕೊಯ್ಲಿನ ಹೆಂಗಸಾಗು ಎಂದೆ. ಲೈನಿನ ಹುಡುಗಿಯನ್ನು ಕರೆದು ನೀನು ರೈಟರ್ ಆಗು ಎಂದೆ. ಅದಲು ಬದಲು ಮಾಡಿದ ನನ್ನ ಜಾಣತನಕ್ಕೆ ನಾನೇ ಬೀಗಿದೆ. ದೊಡ್ಡವರ ಮನೆಯ ಮಗುವಿಗೆ ಬಡವರ ಕಷ್ಟ ಗೊತ್ತಾಗಲಿ, ಇಷ್ಟೇ ನನ್ನ ಲೆಕ್ಕಾಚಾರ. ರೈಟರ್ ಮನೆ ಏನು ಮಹಾ ದೊಡ್ಡವರ ಮನೆ, ಅದನ್ನೂ ನಾನು ಯೋಚಿಸಲಿಲ್ಲ.

ಇಬ್ಬರೂ ನಗುತ್ತಲೇ ಎದ್ದು ಬಂದರು. ರೈಟರ್ ಮಗಳು ಸ್ಕೂಲ್ ಬ್ಯಾಗನ್ನು ಸೊಂಟಕ್ಕೆ ಕಟ್ಟಿಕೊಂಡು, ತಲೆಗೆ ಕರ್ಚೀಫು ಸುತ್ತಿ, ಹೊತ್ತಾಗಿ ಓಡಿ ಬರುವವಳ ಹಾಗೆ ಏದುಸಿರು ಬಿಡುತ್ತಾ ಬಂದಳು. ಲೈನಿನ ಹುಡುಗಿ ಪೆನ್ನನ್ನು ಕಿವಿಗೆ ಸಿಕ್ಕಿಸಿದಳು. ಒಂದು ಕೈ ಬೆನ್ನ ಹಿಂದೆ ಕಟ್ಟಿದಳು. ಗಂಟಲು ಕೆರೆದು ಕೆಮ್ಮಿದಳು. ಆ ಕೆಮ್ಮು ಕೇಳಿದ ಕೂಡಲೇ ಲೈನ್ ಕಡೆಯ ಮಕ್ಕಳೆಲ್ಲ ಕಿಸಕ್ಕೆಂದರು.

"ಏಯ್, ಏನಮ್ಮಾ, ಈಗ ಬಂದ್ಯಾ? ಹೊತ್ತೆಷ್ಟಾಯ್ತು ಗೊತ್ತೈತಾ?"

"ರೋಡಲ್ಲಿ ಆನೆ ನಿಂತಿತ್ತು ಸಾರ್" ಎಂದಳು ರೈಟರ್ ಮಗಳು, ನಗು ತಡೆಯುತ್ತಾ.

"ದಿನಾ ನಿಂಗೇ ಯಾಕ್ ಆನೆ ಅಡ್ಡ ನಿಲ್ಲೋದು? ಆನೆಗೂ ನಿಂಗೂ ಏನ್ ನೆಂಟಸ್ತಿಕೆ? ಹೋಗು, ಅದ್ರ ಜೊತೇಲೇ ಸಂಸಾರ ಮಾಡ್ಹೋಗು!"

ತರಗತಿ ಹೋ ಎಂದಿತು. "ಥೇಟ್ ರೈಟ್ರೇ ಕಣ್ರೋ!" ಎಂದು ಯಾರೋ ಕೂಗಿದರು. ನನಗೂ ನಗು ತಡೆಯಲಾಗಲಿಲ್ಲ. ಲೈನಿನ ಹುಡುಗಿಗೆ ಹುರುಪು ಬಂತು. ರಜೆಯಲ್ಲಿ ಅಮ್ಮನ ಜೊತೆ ತೋಟಕ್ಕೆ ಹೋಗುವವಳು, ಎಲ್ಲ ಕಂಡವಳು. ಎರಡು ಹೆಜ್ಜೆ ಮುಂದೆ ಬಂದು ಬೆರಳು ತೋರಿಸಿ ಇನ್ನೂ ಗಟ್ಟಿಯಾಗಿ ಕೂಗಿದಳು.

"ಕಣ್ಣೊರೆಸ್ಕೋಬೇಡ ನನ್ ಮುಂದೆ! ನಿನ್ನಂಥೋರ ನಾಟ್ಕ ಬೇಕಾದಷ್ಟು ನೋಡಿವ್ನಿ!"

ರೈಟರ್ ಮಗಳು ಕಣ್ಣು ಒರೆಸಿಕೊಂಡಿರಲೇ ಇಲ್ಲ. ಆಟದಲ್ಲಿ ಅಳುವ ಮಾತೇ ಇರಲಿಲ್ಲ. ಅವಳು ಗೆಳತಿಯ ಮುಖ ನೋಡಿ ಮೆಲ್ಲಗೆ, "ಯಾರೇ ಅತ್ತಿದ್ದು?" ಎಂದು ಕೇಳಿದಳು.

"ನಮ್ಮಮ್ಮ" ಎಂದಳು ಇವಳು, ಅದೇ ಹುರುಪಿನಲ್ಲಿ, ಪೆನ್ನು ಇನ್ನೂ ಕಿವಿಯಲ್ಲೇ.

ಆಗ ನಾನು ಮಾಡಿದ್ದು ಏನೆಂದರೆ ಚಪ್ಪಾಳೆ ತಟ್ಟಿದ್ದು. ಎಲ್ಲರಿಂದಲೂ ತಟ್ಟಿಸಿದೆ. ನೋಡಿ, ಇನ್ನೊಬ್ಬರ ನೋವು ಅಂದರೆ ಇದು, ಇದನ್ನೇ ಅರ್ಥ ಮಾಡ್ಕೋಬೇಕು ಎಂದು ದೊಡ್ಡ ಭಾಷಣ ಮಾಡಿದೆ. ರೈಟರ್ ಮಗಳು ಸೊಂಟದ ಬ್ಯಾಗು ಬಿಚ್ಚಿಕೊಂಡು ಹೋಗಿ ಕೂತಳು. ಕೂತಿದ್ದು ತನ್ನ ಬೆಂಚಿನಲ್ಲಲ್ಲ, ಹಿಂದೆ, ಕಿಟಕಿಯ ಹತ್ತಿರ. ನಾನು ಅದನ್ನು ನೋಡಿದೆ. ಬೆಳಕಿಗೆ ಹೋಗಿ ಕೂತಿರಬೇಕು ಅಂದುಕೊಂಡೆ.

ಮಂಗಳವಾರ ಅವಳು ಬರಲಿಲ್ಲ. ಬುಧವಾರವೂ ಬರಲಿಲ್ಲ. ಲೈನಿನ ಹುಡುಗಿ ಬಂದಳು, ಆದರೆ ಅವಳ ಮುಖ ಊದಿತ್ತು. ಬುಧವಾರ ಮಧ್ಯಾಹ್ನ ಬಿಸಿಯೂಟದ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದು ನಿಂತಳು.

"ಮಿಸ್, ನಾನು ಚೆನ್ನಾಗ್ ಮಾಡ್ದೆ ಅಂತ ನೀವೇ ಚಪ್ಪಾಳೆ ತಟ್ಟಿದ್ರಲ್ವಾ?"

"ಹ್ಞೂ, ಏನೀಗ?"

"ಅಮ್ಮ ಹೊಡೆದ್ಲು. ರೈಟ್ರು ಕೆಲ್ಸದಿಂದ ಬಿಡಿಸ್ಬುಡ್ತಾರೆ ಅಂತ. ಅವ್ಳೂ ನನ್ ಜೊತೆ ಮಾತು ಬಿಟ್ಟವ್ಳೆ. ಮನೆ ತಾವ ಹೋಗಿ ಕರದ್ರೂ ಬಾಗ್ಲು ತೆಗೀಲಿಲ್ಲ." ಅಷ್ಟು ಹೇಳುವುದರಲ್ಲಿ ಅನ್ನದ ಮೇಲೆ ಕಣ್ಣೀರು ಬಿತ್ತು. "ನಾನೇನ್ ಸುಳ್ಳು ಹೇಳಿದ್ನಾ ಮಿಸ್?"

ಸುಳ್ಳು ಹೇಳಿರಲಿಲ್ಲ. ಅವಳಮ್ಮ ಬೈಸಿಕೊಂಡದ್ದು ನಿಜ, ಅತ್ತದ್ದು ನಿಜ. ಆದರೆ ಒಬ್ಬ ಹುಡುಗಿಯ ಅಪ್ಪನನ್ನು ಹತ್ತೊಂಬತ್ತು ಮಕ್ಕಳ ಮುಂದೆ ನಿಲ್ಲಿಸಿ ನಗೆಪಾಟಲು ಮಾಡಿದ್ದೂ ನಿಜ, ಅದನ್ನು ಮಾಡಿಸಿದವಳು ನಾನು. ಆರು ವರ್ಷದ ಸ್ನೇಹ ಅರ್ಧ ಗಂಟೆಯ ಪಾಠದಲ್ಲಿ ಮುರಿದುಬಿದ್ದಿತ್ತು.

ಗುರುವಾರ ಶಾಲೆ ಬಿಟ್ಟ ಮೇಲೆ ರೈಟರ್ ಮನೆಗೆ ಹೋದೆ. ಎಸ್ಟೇಟ್ ಗೇಟಿನ ಹತ್ತಿರ ಎರಡು ಕೋಣೆಯ ಶೀಟಿನ ಮನೆ. ಪಕ್ಕದ ಕಣದಲ್ಲಿ ಕಾಫಿ ಹರವಿದ್ದರು, ಹುಳಿ ವಾಸನೆ ಬಾಗಿಲವರೆಗೂ ಬರುತ್ತಿತ್ತು. ರೈಟರ್ ಆಗತಾನೇ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದರು. ನಲವತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ. ನನ್ನನ್ನು ಕಂಡು ಗಡಬಡಿಸಿ ಕುರ್ಚಿ ಒರೆಸಿ ಹಾಕಿದರು. ಹೆಂಡತಿ ಸಕಲೇಶಪುರದ ಒಂದು ಆಸ್ಪತ್ರೆಯಲ್ಲಿ ಆಯಾ, ಬೆಳಗಿನ ಮೊದಲ ಬಸ್ಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಕಾಫಿ ಅವರೇ ಮಾಡಿ ತಂದರು. ಮಗಳು ಒಳಗಿನ ಕೋಣೆಯಲ್ಲಿದ್ದಳು, ಬಾಗಿಲ ಪರದೆಯ ಕೆಳಗೆ ಅವಳ ಪಾದ ಕಾಣುತ್ತಿತ್ತು.

ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವರು ಕೂಗಿದರೆ ನಾನೂ ಕೂಗುವವಳೇ. ಆದರೆ ಅವರು ಕೂಗಲಿಲ್ಲ. ಲೋಟ ಕೈಗೆ ಕೊಟ್ಟು, ಎದುರಿನ ಜಗುಲಿಯ ಮೇಲೆ ಕೂತು, ಅಂಗೈ ಉಜ್ಜಿಕೊಂಡರು.

"ಮೇಡಂ, ಒಂದ್ ಮಾತು ಕೇಳ್ತೀನಿ. ನಾನು ಹಂಗೇ ಕೂಗ್ತೀನಾ?"

ನಾನು ಯಾರನ್ನಾದರೂ ಸಮಾಧಾನ ಮಾಡುವುದರಲ್ಲಿ ಹಿಂದೆ. ಇದ್ದದ್ದನ್ನೇ ಹೇಳಿದೆ. "ನಾನು ಕೇಳಿಲ್ಲ. ಆದ್ರೆ ಲೈನಿನ ಮಕ್ಕಳೆಲ್ಲ ಕೆಮ್ಮು ಕೇಳಿದ ಕೂಡ್ಲೇ ಗುರುತು ಹಿಡಿದ್ರು."

ಅವರು ತಲೆ ತಗ್ಗಿಸಿದರು. "ಆನೆ ಮಾತು ಅಂದಿದ್ದು ನಿಜ. ಅವತ್ತು ಮೇಲಿನೋರು ನನ್ನ ಬೈದಿದ್ರು, ಆಳು ಕಡಿಮೆ ಬಂದವ್ರೆ ಅಂತ. ಆ ಸಿಟ್ಟು ಆಯಮ್ಮನ ಮೇಲೆ ತೀರಿಸ್ಕೊಂಡೆ. ಅತ್ಲು ಅನ್ನೋದನ್ನ ಅಲ್ಲೇ ಮರ್ತ್‌ಬುಟ್ಟೆ ನೋಡಿ. ಈಗ ನನ್ ಮಗಳೇ ಬಂದು ಕೇಳಿದ್ಲು, 'ನೀನು ಅಳ್ಸಿದ್ಯಾ ಅಪ್ಪಾ' ಅಂತ. ನಾನು ಇಲ್ಲ ಅಂದೆ. ಸುಳ್ಳು ಅಂತ ಅವ್ಳಿಗೆ ಗೊತ್ತಾಗ್ಬುಡ್ತು."

ಒಳಗೆ ಪರದೆಯ ಕೆಳಗಿನ ಪಾದ ಅಲುಗಿತು.

"ದಿನಾ ಬೆಳಿಗ್ಗೆ ಅವ್ಳಿಗೆ ಜಡೆ ಹಾಕೋದು ನಾನೇ ಮೇಡಂ. ಅವ್ರಮ್ಮ ಬೇಗ ಹೊರಡ್ತಾಳಲ್ಲ. ಮೂರ್ ದಿನದಿಂದ ತಲೆ ಮುಟ್ಟಕ್ಕೆ ಬಿಟ್ಟಿಲ್ಲ." ಅಷ್ಟು ಹೇಳಿ ಗಂಟಲು ಕೆರೆದು ಕೆಮ್ಮಿದರು. ಲೈನಿನ ಹುಡುಗಿ ಕೆಮ್ಮಿದ್ದೂ ಥೇಟ್ ಹಾಗೆಯೇ. ಈ ಸಲ ನನಗೆ ನಗು ಬರಲಿಲ್ಲ.

ಆ ಹೆಂಗಸಿನ ಕೆಲಸದ ವಿಷಯ ಎತ್ತಿದೆ. "ಅವ್ಳ ಕೆಲ್ಸಕ್ಕೆ ಏನೂ ಆಗಲ್ಲ. ನಾಳೆ ಹಾಜರಿ ಹೊತ್ತಲ್ಲಿ ನಾನೇ ಹೇಳ್ತೀನಿ. ಎಲ್ಲಾರ ಮುಂದೆ ಬೈದಿದ್ನಲ್ಲ, ಎಲ್ಲಾರ ಮುಂದೇನೇ ಹೇಳ್ತೀನಿ" ಎಂದರು. ಮಾರನೆಯ ದಿನ ಹೇಳಿದರಂತೆ. ಏನು ಹೇಳಿದರೆಂದು ನನಗೆ ಗೊತ್ತಿಲ್ಲ. ಆ ಹೆಂಗಸು ಮಾತ್ರ ಮಗಳ ಕೈಲಿ ನನಗೆ ಒಂದು ಚಿಪ್ಪು ಬಾಳೆಹಣ್ಣು ಕಳಿಸಿದ್ದಳು. ನಾನು ಮಾಡಿದ್ದಕ್ಕೆ ನನಗೆ ಬಾಳೆಹಣ್ಣು ಸಿಗಬಾರದಿತ್ತು.

ಹೊರಡುವಾಗ ಪರದೆಯ ಹತ್ತಿರ ನಿಂತೆ. ಒಳಗೆ ಹೋಗಲಿಲ್ಲ. ಹೆಡ್‌ಮಾಸ್ಟರಿಗೂ ತಪ್ಪಾಯಿತು ಅಂದವಳಲ್ಲ ನಾನು. "ಆ ಆಟ ಆಡಿಸಿದ್ದು ನಾನು ಕಣೇ. ನಿಮ್ಮಪ್ಪನ್ನ ಹಂಗೆ ನಿಲ್ಲಿಸಬಾರದಿತ್ತು. ತಪ್ಪು ನಂದು, ನಿನ್ನ ಗೆಳತಿದಲ್ಲ. ಸ್ಕೂಲಿಗೆ ಬಾ" ಎಂದೆ. ಬಸ್ಸಿನ ಹೊತ್ತಾಗಿತ್ತು, ಬಂದುಬಿಟ್ಟೆ.

ಶನಿವಾರ ಬಂದಳು. ಬೆಳಗಿನ ಶಾಲೆ, ಚಳಿ ಇನ್ನೂ ಬಿಟ್ಟಿರಲಿಲ್ಲ. ತಾನೇ ಹಾಕಿಕೊಂಡ ಜಡೆ, ಬೈತಲೆ ಸೊಟ್ಟಗಿತ್ತು. ಗೆಳತಿಯ ಕಡೆ ನೋಡದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಲೈನಿನ ಹುಡುಗಿ ತನ್ನ ಪಕ್ಕದ ಜಾಗ ಒರೆಸಿ ಇಟ್ಟುಕೊಂಡು ಕಾದು, ಆಮೇಲೆ ಅಲ್ಲಿ ತನ್ನ ಬ್ಯಾಗು ಇಟ್ಟಳು.

ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ತರಬೇತಿಯ ಪುಸ್ತಕದಲ್ಲಿ ಹುಡುಕಿದ್ದೆ, ಪಾಠವೇ ಕೆಟ್ಟುಹೋದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಕೊನೆಯ ಪೀರಿಯಡ್ಡಿನಲ್ಲಿ ಧೈರ್ಯ ಮಾಡಿ ಕೇಳಿದೆ. "ಇವತ್ತು ಇನ್ನೊಂದು ಸಲ ಪಾತ್ರ ಬದಲು ಮಾಡೋಣ. ಯಾರಾದ್ರೂ ಬಂದು ನನ್ನ ಪಾತ್ರ ಮಾಡಿ. ನಾನು ನಿಮ್ಮ ಜೊತೆ ಬೆಂಚಲ್ಲಿ ಕೂರ್ತೀನಿ."

ಯಾರೂ ಅಲ್ಲಾಡಲಿಲ್ಲ. "ಬೈಯಲ್ಲ, ಹೊಡೆಯಲ್ಲ, ಮನೆಗೂ ಹೇಳಲ್ಲ" ಎಂದೆ. ಆಗಲೂ ಇಲ್ಲ. ನಾನು ಹೋಗಿ ಲೈನಿನ ಹುಡುಗಿಯ ಪಕ್ಕದ ಬ್ಯಾಗು ಎತ್ತಿಟ್ಟು ಕೂತೆ. ಬೆಂಚು ಚಿಕ್ಕದು, ಮಂಡಿ ಮಡಚಿ ಕೂರಬೇಕಾಯಿತು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ರೈಟರ್ ಮಗಳು ಎದ್ದು ಬಂದಳು.

ಅವಳು ಬಾಗಿಲಿನ ಹೊರಗೆ ಹೋಗಿ ಮತ್ತೆ ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ಸೀದಾ ಟೇಬಲಿಗೆ ಬಂದಳು. ನಾನು ಹಾಗೆ ಬರುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ. ಡಸ್ಟರ್ ತೆಗೆದು ಟೇಬಲ್ ಮೇಲೆ ಎರಡು ಸಲ ಕುಟ್ಟಿದಳು. "ಏನಿದು, ಸಂತೆನಾ? ಬಾಯ್ ಮುಚ್ಚಿ!" ಮಕ್ಕಳು ನಕ್ಕರು. ನನ್ನ ಕಡೆ ಕಳ್ಳನೋಟ ನೋಡಿ ಮತ್ತೆ ನಕ್ಕರು. ಅವಳು ಸೀಮೆಸುಣ್ಣ ಹಿಡಿದು ಒಬ್ಬನ ಹತ್ತಿರ ಹೋಗಿ, "ಎಷ್ಟ್ ಸಲ ಹೇಳ್ಬೇಕು ನಿಂಗೆ? ತಲೆ ಒಳಗೆ ಏನೈತೆ, ಹೊಟ್ಟಾ?" ಎಂದಳು. ದನಿ ನನ್ನದೇ, ತುದಿಯಲ್ಲಿ ಏರುವ ರಾಗವೂ ನನ್ನದೇ. ನಗುತ್ತಾ ಕೂತಿದ್ದೆ, ಆದರೆ ಕಿವಿ ಬಿಸಿಯಾಗುತ್ತಿತ್ತು.

ಆಮೇಲೆ ಅವಳು ನಮ್ಮ ಬೆಂಚಿಗೆ ಬಂದಳು. ನನ್ನ ಮುಂದಲ್ಲ, ಗೆಳತಿಯ ಮುಂದೆ ನಿಂತಳು. ಅವಳ ಪುಸ್ತಕ ಎತ್ತಿ ನೋಡಿ ಡೆಸ್ಕಿನ ಮೇಲೆ ಪಟ್ಟನೆ ಹಾಕಿದಳು.

"ಭಾಗಾಕಾರ ಬರಲ್ಲ, ಒತ್ತಕ್ಷರ ಬರಲ್ಲ. ನಿಂಗೆಲ್ಲಾ ಓದು ಯಾಕೆ? ಬುಟ್ಟಿ ಎತ್ಕೊಂಡು ನಿಮ್ಮಮ್ಮನ ಜೊತೆ ತೋಟಕ್ಕೆ ಹೋಗು."

ಈ ಸಲ ಯಾರೂ ನಗಲಿಲ್ಲ. ಹಾಗೆ ಅಂದದ್ದು ನನಗೆ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ಆ ದಿನ, ಆ ಹೊತ್ತು ಸಿಗಲಿಲ್ಲ. ಆದರೆ ಅಂದಿದ್ದೇನೆ, ಅದರಲ್ಲಿ ಸಂಶಯವಿರಲಿಲ್ಲ, ಅಷ್ಟು ಸ್ಪಷ್ಟವಾಗಿ ಆ ಮಾತು ನನ್ನದು. ರೈಟರ್ ಅಳಿಸಿದ್ದು ಅಮ್ಮನನ್ನು. ನಾನು ಮಗಳ ಮುಂದೆ ಅವಳಮ್ಮನ ಕೆಲಸವನ್ನೇ ಬೈಗುಳ ಮಾಡಿದ್ದೆ. ಆಮೇಲೆ ಚಪ್ಪಾಳೆ ತಟ್ಟಿಸಿ ಭಾಷಣ ಮಾಡಿದ್ದೆ. ನನಗೆ ನಾಚಿಕೆಯಾಯಿತು. ಮುಖ ಎಲ್ಲಿಡಬೇಕೋ ತಿಳಿಯದೆ ಡೆಸ್ಕಿನ ಮೇಲಿನ ಪುಸ್ತಕದ ಮೂಲೆ ಸರಿಮಾಡಿದೆ.

ರೈಟರ್ ಮಗಳು ಸೀಮೆಸುಣ್ಣ ಕೆಳಗಿಟ್ಟಳು. ಬಗ್ಗಿ ನನ್ನ ಮುಖ ನೋಡಿದಳು.

"ಬೇಜಾರಾಯ್ತಾ ಮಿಸ್?"

ನಮ್ಮ ಕಡೆ ಈ ಒಂದು ಮಾತಿನಲ್ಲಿ ಎಲ್ಲ ಬರುತ್ತದೆ. ನೋವು, ಅವಮಾನ, ಒಂಟಿತನ, ಎಲ್ಲದಕ್ಕೂ ಬೇಜಾರು ಅನ್ನುತ್ತೇವೆ. ಇಪ್ಪತ್ತಾರು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಒಂದು ಮಗುವನ್ನೂ ನಾನು ಈ ಮಾತು ಕೇಳಿರಲಿಲ್ಲ.

"ಹ್ಞೂ ಕಣೇ, ಆಯ್ತು" ಎಂದೆ.

ಅವಳು ಸೊಟ್ಟ ಬೈತಲೆಯ ಮೇಲೆ ಕೈಯಾಡಿಸಿಕೊಂಡಳು. "ಕೂಗೋರಿಗೂ ಆಗ್ತೈತಾ ಮಿಸ್?"

"ಆಗ್ತೈತೆ."

"ಹಂಗಾರೆ ನಮ್ಮಪ್ಪಂಗೂ ಆಗೈತೆ" ಎಂದಳು. ಅದು ನನಗೆ ಹೇಳಿದ್ದಲ್ಲ. ಹೇಳಿ ಮುಗಿಸುವುದರೊಳಗೆ ಐದು ದಿನ ಒಳಗಿಟ್ಟುಕೊಂಡಿದ್ದ ಅಳುವೆಲ್ಲ ಒಂದೇ ಸಲ ಬಂತು. ನಾನು ಏಳುವಷ್ಟರಲ್ಲಿ ಲೈನಿನ ಹುಡುಗಿ ಡೆಸ್ಕ್ ದಾಟಿ ಹೋಗಿ ಅವಳ ಕೈ ಹಿಡಿದುಕೊಂಡಿದ್ದಳು. ಕೈ ಬಿಡಿಸಿಕೊಳ್ಳಲಿಲ್ಲ ಅವಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಸದ್ದಿಲ್ಲದೆ ಬ್ಯಾಗು ತುಂಬಿಕೊಂಡರು. ರೈಟರ್ ಮಗಳು ಮುಖ ಒರೆಸಿಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ಗೆಳತಿಗೆ, "ಬಾರೇ ಬೇಗ, ನಮ್ಮಪ್ಪ ಕಣದ ತಾವ ಇರ್ತಾನೆ" ಎಂದಳು.

ಇವಳು ಹೊರಡಲು ಎದ್ದಾಗ ನಾನು ತೋಳು ಹಿಡಿದು ನಿಲ್ಲಿಸಿದೆ. ಕೇಳದೆ ಇರಲಾಗಲಿಲ್ಲ. "ನಾನು ಹಂಗೆ ಅಂದಿದ್ನೇನೇ ನಿಂಗೆ? ಬುಟ್ಟಿ ಎತ್ಕೊಂಡು ಹೋಗು ಅಂತ?"

ಅವಳು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. ಹೊರಗೆ ಗೆಳತಿ ಮತ್ತೆ ಕೂಗಿದಳು.

"ಒಂದೇ ಸಲ ಮಿಸ್" ಎಂದಳು. "ಅವತ್ತು ನಿಮ್ಗೆ ತಲೆನೋವಿತ್ತು."